ಸಿಪ್ಪೆ ಎಸೆಯುವ ಮುನ್ನ: ಕಿತ್ತಳೆ, ನಿಂಬೆ, ಚಕ್ಕೋತದ ಬಗ್ಗೆ ಓದುಗರ ಪ್ರಶ್ನೆಗಳು

ಕಿತ್ತಳೆ ಸುಗ್ಗಿ ಶುರುವಾದಾಗಿನಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಣ್ಣಿಗಿಂತ ಸಿಪ್ಪೆಯದೇ ಸುದ್ದಿ. ಗೊಜ್ಜು ಕಹಿಯಾಯಿತು, ಉಪ್ಪಿನಕಾಯಿಗೆ ಬೂಷ್ಟು ಬಂತು, ಅಡುಗೆಕಟ್ಟೆಯ ಮೇಲೆ ಕಲೆ ಬಿತ್ತು. ದೂರುಗಳು ಬೇರೆ ಬೇರೆಯಾದರೂ ಬೇರು ಹೆಚ್ಚುಕಡಿಮೆ ಒಂದೇ. ಸಿಪ್ಪೆಯಲ್ಲಿ ಎರಡು ಪದರಗಳಿವೆ. ಹೊರಗಿನ ಬಣ್ಣದ ಪದರದಲ್ಲಿ ಎಣ್ಣೆಯ ಸಣ್ಣ ಸಣ್ಣ ಚೀಲಗಳು. ಘಮವೆಲ್ಲ ಅಲ್ಲಿಯದು, ಆ ಎಣ್ಣೆಯ ಬಹುಪಾಲು ಲಿಮೊನೀನ್. ಒಳಗಿನ ಬಿಳಿ ಪದರದಲ್ಲಿ ಪೆಕ್ಟಿನ್ (ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದಿಡುವ ಅಂಟು) ಮತ್ತು ಕಹಿ. ಹುಳಿ ಇರುವುದು ಸಿಪ್ಪೆಗೆ ಅಂಟಿ ಉಳಿದ ರಸದಲ್ಲಿ. ಹಿಡಿದ ಕೆಲಸಕ್ಕೆ ಎಣ್ಣೆ ಬೇಕೋ, ಬಿಳಿ ಪದರ ಬೇಕೋ, ಹುಳಿ ಬೇಕೋ ಎಂದು ಮೊದಲೇ ತಿಳಿದುಕೊಂಡರೆ ಸಿಪ್ಪೆಯ ಜೊತೆ ಗುದ್ದಾಡುವುದು ತಪ್ಪುತ್ತದೆ.

ಪ್ರಶ್ನೆ: ಕಿತ್ತಳೆ ಸಿಪ್ಪೆಯ ಗೊಜ್ಜು ಒಮ್ಮೆ ಚೆನ್ನಾಗಿ ಬರುತ್ತದೆ, ಇನ್ನೊಮ್ಮೆ ಬಾಯಿಗಿಡಲಾಗದಷ್ಟು ಕಹಿ. ಎಷ್ಟು ಕುದಿಸಿದರೂ ಸಿಪ್ಪೆ ಮೆತ್ತಗಾಗುವುದೂ ಇಲ್ಲ. ಏನು ತಪ್ಪುತ್ತಿದೆ? (ಓದುಗರು, ಮೈಸೂರು)

ಉತ್ತರ: ಸಿಪ್ಪೆ ಮೆತ್ತಗಾಗದಿರುವುದಕ್ಕೆ ಕಾರಣ ಹುಣಸೆಹುಳಿ ಬೇಗ ಬಿದ್ದಿರುವುದು. ಹುಳಿ ಇರುವ ನೀರಿನಲ್ಲಿ ಪೆಕ್ಟಿನ್ ಸಡಿಲವಾಗುವುದಿಲ್ಲ. ಹುಳಿ ಹಾಕಿದ ಮೇಲೆ ಸಾಂಬಾರಿನ ತರಕಾರಿ ಬೇಯದೆ ನಿಲ್ಲುವುದೂ ಇದಕ್ಕೇ. ಬೆಲ್ಲವೂ ಹಾಗೆಯೇ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಎಣ್ಣೆಯಲ್ಲಿ ಸಿಪ್ಪೆ ಪೂರ್ತಿ ಬೇಯಬೇಕು, ಆಮೇಲೆ ಹುಳಿ, ಕೊನೆಗೆ ಬೆಲ್ಲ.

ಕಹಿಗೆ ಕಾರಣ ಹಣ್ಣಿನ ಜಾತಿ. ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆಗಳ ಸಿಪ್ಪೆ ಸಡಿಲ, ಬಿಳಿ ಪದರ ತೀರಾ ತೆಳು. ಗೊಜ್ಜಿಗೆ ಇವೇ ಸರಿ. ಚಾಕು ಹಾಕಿಯೇ ಬಿಡಿಸಬೇಕಾದ ಬಿಗಿ ಸಿಪ್ಪೆಯ ಹಣ್ಣಾದರೆ, ಮೋಸಂಬಿಯಾದರೆ, ಒಳಗಿನ ಬಿಳಿಯನ್ನು ಚಮಚದ ಅಂಚಿನಿಂದ ಕೆರೆದು ತೆಗೆಯಿರಿ. ಆಮೇಲೂ ಕಹಿ ಅನುಮಾನವಿದ್ದರೆ ಹೆಚ್ಚಿದ ಸಿಪ್ಪೆಯನ್ನು ಉಪ್ಪುನೀರಿನಲ್ಲಿ 5 ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ. ನಾಟಿ ಕಿತ್ತಳೆಗೆ ಹೀಗೆ ಮಾಡಬೇಡಿ, ಕಹಿಯ ಜೊತೆ ಘಮವೂ ಚರಂಡಿ ಸೇರುತ್ತದೆ. ಗೊಜ್ಜಿಗೆ ಒಂದಿಷ್ಟು ಕಹಿ ಇರಲೇಬೇಕು.

ಎರಡು ಹಣ್ಣಿನ ಸಿಪ್ಪೆಯನ್ನು ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪವಾಗಿ ಹೆಚ್ಚಿದರೆ ಸುಮಾರು ಒಂದು ಬಟ್ಟಲಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ 3 ದೊಡ್ಡ ಚಮಚ ಎಳ್ಳೆಣ್ಣೆ ಕಾಯಿಸಿ ಸಾಸಿವೆ, ಇಂಗು, ಎರಡು ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಡಿ. ಸಿಪ್ಪೆ, ಅರಿಶಿನ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಬಾಡಿಸಿ. ಒಂದು ಚೂರು ತೆಗೆದು ಬೆರಳಲ್ಲಿ ಒತ್ತಿದರೆ ಹಿಸುಕಿಹೋಗಬೇಕು. ಆ ಹದ ಬಾರದಿದ್ದರೆ ಅರ್ಧ ಲೋಟ ನೀರು ಚಿಮುಕಿಸಿ ಮುಚ್ಚಿಡಿ, ಹುಳಿಗೆ ಕೈ ಹಾಕಬೇಡಿ. ನಂತರ ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ ಒಂದೂವರೆ ಲೋಟ ಸುರಿದು, 2 ಸಣ್ಣ ಚಮಚ ಸಾರಿನ ಪುಡಿ ಹಾಕಿ ಹಸಿವಾಸನೆ ಹೋಗುವವರೆಗೆ ಕುದಿಸಿ. ಕೊನೆಗೆ 3 ದೊಡ್ಡ ಚಮಚ ಬೆಲ್ಲ, ಹುರಿದು ಪುಡಿ ಮಾಡಿದ ಕರಿ ಎಳ್ಳು ಒಂದು ಚಮಚ. ಎಣ್ಣೆ ಅಂಚಿಗೆ ಬಿಟ್ಟುಕೊಂಡರೆ ಇಳಿಸಿ.

ರುಚಿ ನೋಡಿದಾಗ ಕಹಿ ಮುಂದಿದ್ದರೆ ಕೂಡಲೇ ಬೆಲ್ಲ ಸುರಿಯಬೇಡಿ. ಮೊದಲು ಒಂದು ಚಿಟಿಕೆ ಉಪ್ಪು ಹೆಚ್ಚಿಸಿ ನೋಡಿ. ಕಹಿಯನ್ನು ಅಡಗಿಸುವುದರಲ್ಲಿ ಉಪ್ಪಿನ ಕೈ ದೊಡ್ಡದು. ಮಾಡಿದ ದಿನಕ್ಕಿಂತ ಮರುದಿನ ಈ ಗೊಜ್ಜು ರುಚಿ. ಕಾಯಿ ಹಾಕದಿದ್ದರೆ ಫ್ರಿಜ್ಜಿನಲ್ಲಿ ಒಂದು ವಾರ ನಿಶ್ಚಿಂತೆ.

ಪ್ರಶ್ನೆ: ಸಿಪ್ಪೆಯ ತಂಬುಳಿಗೆ ಅಳತೆ ತಿಳಿಸಿ. (ಓದುಗರು, ಶಿರಸಿ)

ಉತ್ತರ: ಅರ್ಧ ಕಿತ್ತಳೆಯ ಸಿಪ್ಪೆ ಸಾಕು, ಅದಕ್ಕಿಂತ ಹೆಚ್ಚಾದರೆ ಗಂಟಲು ಹಿಡಿಯುತ್ತದೆ. ಸಣ್ಣಗೆ ಹೆಚ್ಚಿ ಒಂದು ಚಮಚ ತುಪ್ಪದಲ್ಲಿ ಗರಿಗರಿಯಾಗುವವರೆಗೆ ಹುರಿಯಿರಿ. ಇಳಿಸುವ ಮುಂಚೆ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಸೇರಿಸಿ. ತಣಿದ ಮೇಲೆ ಅರ್ಧ ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಒಂದೂವರೆ ಲೋಟ ಸಿಹಿಮಜ್ಜಿಗೆ ಬೆರೆಸಿ ಉಪ್ಪು ಹಾಕಿ. ಬಿಸಿ ಇರುವಾಗಲೇ ಮಜ್ಜಿಗೆ ಬೆರೆಸಿದರೆ ಒಡೆಯುತ್ತದೆ. ನಿಂಬೆ ಸಿಪ್ಪೆಯಲ್ಲಿ ತಂಬುಳಿ ಮಾಡುವುದಾದರೆ ಹೊರಪದರವನ್ನಷ್ಟೇ ತೆಳುವಾಗಿ ಹೆರೆದುಕೊಳ್ಳಿ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಹೊಳೆಯುವ ವಿದೇಶಿ ಕಿತ್ತಳೆಯ ಸಿಪ್ಪೆಯನ್ನು ಅಡುಗೆಗೆ ಬಳಸಬಹುದೇ? (ಓದುಗರು, ಬೆಂಗಳೂರು)

ಉತ್ತರ: ಬೇಡ ಎನ್ನುವುದೇ ನಮ್ಮ ಸಲಹೆ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡುವ ಹಣ್ಣಿಗೆ ಬೂಷ್ಟು ಬಾರದಿರಲೆಂದು ಇಮಜಾಲಿಲ್, ಥಯಾಬೆಂಡಜೋಲ್‌ನಂಥ ಶಿಲೀಂಧ್ರನಾಶಕ ಬಳಸುವುದುಂಟು, ಮೇಲೆ ಮೇಣದ ಲೇಪವೂ ಇರುತ್ತದೆ. ಉಗುರಿನಿಂದ ಕೆರೆದಾಗ ಬಿಳಿ ಪುಡಿಯಂತೆ ಬಂದರೆ ಅದು ಮೇಣ. ಬೆಚ್ಚಗಿನ ನೀರು, ಅಡುಗೆ ಸೋಡಾ ಹಾಕಿ ಬ್ರಷ್ಷಿನಿಂದ ಉಜ್ಜಿದರೆ ಮೇಲಿನದು ಬಹುಪಾಲು ಹೋಗುತ್ತದೆ, ಸಿಪ್ಪೆಯೊಳಗೆ ಇಳಿದದ್ದು ಹೋಗುವುದಿಲ್ಲ. ಒಳಗಿನ ತೊಳೆ ತಿನ್ನಲು ಅಡ್ಡಿಯಿಲ್ಲ, ಸಿಪ್ಪೆಯನ್ನು ಪಾತ್ರೆ ಉಜ್ಜಲು, ಅಂಟು ತೆಗೆಯಲು ಇಟ್ಟುಕೊಳ್ಳಿ. ಗೊಜ್ಜಿಗೆ, ಉಪ್ಪಿನಕಾಯಿಗೆ, ಮುಖಕ್ಕೆ ಹಚ್ಚುವ ಪುಡಿಗೆ ಊರಿನ ಹಣ್ಣೇ ಆಗಲಿ. ಕೊಡಗಿನ ಕಿತ್ತಳೆ ಹಣ್ಣಾದರೂ ಹಸಿರು ಮಿಶ್ರಿತ ಹಳದಿಯಲ್ಲೇ ಇರುವುದುಂಟು, ಹೊಳಪಿಲ್ಲವೆಂದು ಬಿಡಬೇಡಿ. ಅದನ್ನೂ ತೊಳೆದೇ ಬಳಸಬೇಕು.

ಪ್ರಶ್ನೆ: ಬೇಸಿಗಿಯಾಗ ದಿನಾ ಪಾನಕಕ್ಕ ಲಿಂಬಿಹಣ್ಣು ಹಿಂಡತೀವಿ. ಹಿಂಡಿದ ಹೋಳು ಕೂಡಿಸಿ ಉಪ್ಪಿನಕಾಯಿ ಹಾಕಿದ್ರ ಎರಡ ವಾರದಾಗ ಮ್ಯಾಲೆ ಬಿಳೇ ಬೂಷ್ಟು ಬರತದ. (ಓದುಗರು, ಇಂಡಿ)

ಉತ್ತರ: ಲಿಂಬೆಯ ಊರಿನಿಂದಲೇ ಬಂದ ಪ್ರಶ್ನೆ, ಪೂರ್ತಿ ಹೇಳಿಬಿಡುತ್ತೇವೆ. ಇಡೀ ಹಣ್ಣಿನ ಉಪ್ಪಿನಕಾಯಿ ತನ್ನ ರಸದಲ್ಲೇ ಮುಳುಗಿರುತ್ತದೆ. ಹಿಂಡಿದ ಹೋಳಿನಲ್ಲಿ ರಸವಿಲ್ಲ, ಹಾಗಾಗಿ ಮೇಲಿನ ಹೋಳುಗಳು ಗಾಳಿಗೆ ತೆರೆದುಕೊಂಡು ಒಣಗಿ ನಿಲ್ಲುತ್ತವೆ. ಬೂಷ್ಟು ಹಿಡಿಯುವುದು ಅಲ್ಲಿಯೇ. ಇನ್ನೊಂದು ಕಾರಣ, ದಿನಕ್ಕೆ ಎರಡು ಮೂರರಂತೆ ಹೋಳು ಕೂಡಿಸುವಾಗ ಮೊದಲಿನವು ಆಗಲೇ ಕೆಟ್ಟಿರುತ್ತವೆ.

ಹಿಂಡಿದ ಕೂಡಲೇ ಬೀಜ ತೆಗೆದು (ಬೀಜದಲ್ಲಿ ಕಹಿ ಬಹಳ) ಉಪ್ಪು ಸವರಿ, ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಒಂದು ವಾರದಲ್ಲಿ ಅರ್ಧ ಕಿಲೋ ಕೂಡಿದರೆ ಕೆಲಸ ಶುರು ಮಾಡಿ. ಹೋಳುಗಳನ್ನು ಇಡ್ಲಿ ಪಾತ್ರೆಯಲ್ಲಿ 10 ನಿಮಿಷ ಹಬೆಯಲ್ಲಿ ಬೇಯಿಸಿ, ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿ. ಅರ್ಧ ಕಿಲೋ ಹೋಳಿಗೆ ಒಟ್ಟು 125 ಗ್ರಾಂ ಉಪ್ಪು ಬೇಕು. ಮೊದಲು ಸವರಿದ್ದನ್ನೂ ಇದರಲ್ಲೇ ಲೆಕ್ಕ ಹಿಡಿಯಿರಿ. ಕಲ್ಲುಪ್ಪನ್ನು ಬಿಸಿ ಮಾಡಿ ಪುಡಿ ಮಾಡಿದರೆ ತೇವ ಇರುವುದಿಲ್ಲ. ಇದರ ಮೇಲೆ 8ರಿಂದ 10 ಹೊಸ ಲಿಂಬೆಯ ರಸ ಹಿಂಡಿ. ಈ ರಸಕ್ಕೆ ಜಿಪುಣತನ ಮಾಡಿದರೆ ಮತ್ತೆ ಬೂಷ್ಟು ಬಂದಂತೆಯೇ.

ಪಿಂಗಾಣಿ ಭರಣಿಯಲ್ಲೋ ಗಾಜಿನ ಜಾಡಿಯಲ್ಲೋ ತುಂಬಿ, ಹೋಳು ರಸದ ಕೆಳಗೆ ನಿಲ್ಲುವಂತೆ ಚಿಕ್ಕ ಗಾಜಿನ ಬಟ್ಟಲಿನಿಂದ ಒತ್ತಿಡಿ. ಅಲ್ಯೂಮಿನಿಯಂ, ಹಿತ್ತಾಳೆ ಬೇಡವೇ ಬೇಡ. ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಿ, ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಮೇಲಿನದು ಕೆಳಗೆ ಮಾಡಿ. ಮೊದಲ ವಾರ ಕಹಿಯಾಗಿಯೇ ಇರುತ್ತದೆ, ಗಾಬರಿ ಬೇಡ. ಮೂರು ವಾರಕ್ಕೆ ಹೋಳು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದ ಮೇಲೆ 60 ಗ್ರಾಂ ಖಾರದ ಪುಡಿ, ಒಂದು ಸಣ್ಣ ಚಮಚ ಹುರಿದ ಮೆಂತ್ಯದ ಪುಡಿ, ಇಂಗು, ಕಾಯಿಸಿ ಆರಿಸಿದ ಎಣ್ಣೆ ಬೆರೆಸಿ. ಬೂಷ್ಟು ಬಂದ ಉಪ್ಪಿನಕಾಯಿಯ ಮೇಲ್ಪದರ ತೆಗೆದು ಉಳಿದದ್ದನ್ನು ತಿನ್ನುವ ರೂಢಿಯಿದೆ, ಅದನ್ನು ಬಿಡಿ. ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಅದು ಇಳಿದಿರುತ್ತದೆ. ಪೂರ್ತಿ ಚೆಲ್ಲಬೇಕು.

ಪ್ರಶ್ನೆ: ಸಿಪ್ಪೆಯಿಂದ ಬಯೋ ಎಂಜೈಮ್ ಮಾಡಲು ಹೋಗಿ ಒಂದು ಬಾಟಲಿ ಒಡೆಯಿತು, ಇನ್ನೊಂದು ಕೊಳೆತ ವಾಸನೆ ಹೊಡೆಯುತ್ತಿದೆ. ಸರಿಯಾದ ವಿಧಾನ ಯಾವುದು? (ಓದುಗರು, ತುಮಕೂರು)

ಉತ್ತರ: ಬಯೋ ಎಂಜೈಮ್ ಎಂದರೆ ಬೆಲ್ಲದ ನೀರಿನಲ್ಲಿ ಸಿಪ್ಪೆ ಹುದುಗಿಸಿ ಮಾಡುವ, ನೆಲ, ಸಿಂಕು ತೊಳೆಯುವ ದ್ರವ. ಅದರ ಅನುಪಾತ 1:3:10. ಎಂದರೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, 1 ಲೀಟರ್ ನೀರು. ಇಷ್ಟಕ್ಕೆ 2 ಲೀಟರಿನ ಪ್ಲಾಸ್ಟಿಕ್ ಬಾಟಲಿ ಬೇಕು. ಮೊದಲ ತಿಂಗಳು ಇದರಲ್ಲಿ ಇಂಗಾಲದ ಡೈಆಕ್ಸೈಡ್ ಬುಗ್ಗೆಯಂತೆ ಏಳುತ್ತದೆ. ಗಾಜಿನ ಬಾಟಲಿಗೆ ಹಿಗ್ಗಲು ಬಾರದು, ಅದಕ್ಕೇ ಒಡೆದದ್ದು. ಒಳಗೆ ಮೂರರಲ್ಲೊಂದು ಭಾಗ ಖಾಲಿ ಇರಲಿ, ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಿ. ಒಂದೆರಡು ದಿನ ಊರಿಗೆ ಹೋಗುವುದಿದ್ದರೆ ಮುಚ್ಚಳವನ್ನು ಅರ್ಧ ತಿರುವು ಸಡಿಲವಾಗಿಯೇ ಬಿಡಿ. ಎರಡನೆಯ ತಿಂಗಳು ವಾರಕ್ಕೊಮ್ಮೆ ಬಿಚ್ಚಿದರೆ ಸಾಕು. ಮೂರು ತಿಂಗಳಿಗೆ ಸಿಪ್ಪೆ ತಳ ಸೇರಿ, ಮೇಲೆ ಚಹಾ ಬಣ್ಣದ ಹುಳಿ ನೀರು ನಿಂತಿರುತ್ತದೆ. ಬಟ್ಟೆಯಲ್ಲಿ ಸೋಸಿ.

ಮೇಲೆ ತೆಳು ಬಿಳಿ ಪೊರೆ ಬಂದರೆ ತೊಂದರೆಯಿಲ್ಲ. ಕೊಳೆತ ವಾಸನೆಗೆ ಕಾರಣ ಬೆಲ್ಲ ಕಡಿಮೆಯಾದದ್ದು, ಇಲ್ಲವೇ ಕೆಟ್ಟ ಸಿಪ್ಪೆ ಹಾಕಿದ್ದು. ಹುಳಿ ಬೇಗ ಏರದಿದ್ದರೆ ಕೊಳೆಸುವ ಜೀವಿಗಳ ಕೈ ಮೇಲಾಗುತ್ತದೆ. ಶುರುವಿನಲ್ಲೇ ವಾಸನೆ ಬಂದರೆ ಇನ್ನೊಂದು 50 ಗ್ರಾಂ ಬೆಲ್ಲ ಹಾಕಿ ಒಂದು ವಾರ ನೋಡಿ. ಕಪ್ಪು ಬೂಷ್ಟು ಬಂದಿದ್ದರೆ ಗೊಬ್ಬರದ ಗುಂಡಿಗೆ ಸುರಿದು ಹೊಸದಾಗಿ ಮಾಡಿ.

ನೆಲ ಒರೆಸಲು 10 ಲೀಟರ್ ನೀರಿಗೆ 100 ಮಿಲಿಲೀಟರ್ ಸಾಕು. ಜಿಡ್ಡಾದ ಸಿಂಕಿಗೆ ನೀರು ಬೆರೆಸದೆ ಹಾಕಿ 15 ನಿಮಿಷ ಬಿಟ್ಟು ಉಜ್ಜಿ. ಇದು ಸರ್ವರೋಗ ನಿವಾರಕ ಎಂಬಂತೆ ಮಾತು ಹರಿದಾಡುತ್ತಿದೆ. ಹಾಗಿಲ್ಲ. ಮುಖ್ಯವಾಗಿ ಕೆಲಸ ಮಾಡುವುದು ಅದರಲ್ಲಿನ ಆಮ್ಲ. ಕಾಯಿಲೆ ಇರುವವರ ಕೋಣೆ ಒರೆಸಲು ಇದನ್ನು ನಂಬಿ ಫಿನಾಯಿಲ್ ಬಿಡಬೇಡಿ. ಇನ್ನೊಂದು ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ: ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಇದನ್ನು, ನಿಂಬೆಯನ್ನು, ಯಾವ ಹುಳಿಯನ್ನೂ ಸುರಿಯಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಪ್ರಶ್ನೆ: ನಿಂಬೆ ಸಿಪ್ಪೆಯಿಂದ ಅಡುಗೆಕಟ್ಟೆ ಉಜ್ಜಿದೆವು. ಕರಿ ಕಲ್ಲಿನ ಮೇಲೆ ಬಿಳಿ ಮಚ್ಚೆಗಳು ಬಿದ್ದಿವೆ, ಹೋಗುತ್ತಿಲ್ಲ. (ಓದುಗರು, ಕಲಬುರಗಿ)

ಉತ್ತರ: ನಿಮ್ಮದು ಕಡಪ ಕಲ್ಲಿರಬೇಕು. ಕಡಪ, ನಿಮ್ಮ ಕಡೆಯ ಶಹಾಬಾದ್ ಕಲ್ಲು, ಅಮೃತಶಿಲೆ, ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ನಿಂಬೆಯ ಹುಳಿ ಸುಣ್ಣವನ್ನು ಕರಗಿಸುತ್ತದೆ. ಅದು ಕೊಳೆಯ ಕಲೆಯಲ್ಲ, ಹೊಳಪು ಸವೆದು ಹೋದ ಜಾಗ. ತೊಳೆದರೆ ಹೋಗದು, ಪಾಲಿಶ್ ಮಾಡಿಸಬೇಕು. ಗ್ರಾನೈಟಿಗೆ ಈ ಭಯ ಕಡಿಮೆ. ಕಲ್ಲು ಯಾವುದೆಂದು ಗೊತ್ತಿಲ್ಲದಿದ್ದರೆ ಕಾಣದ ಮೂಲೆಯಲ್ಲಿ ಎರಡು ಹನಿ ನಿಂಬೆರಸ ಬಿಟ್ಟು 5 ನಿಮಿಷ ನೋಡಿ. ರೆಡ್ ಆಕ್ಸೈಡ್ ನೆಲಕ್ಕೂ ಹುಳಿ ಆಗದು, ಅದರ ಅಡಿಪಾಯ ಸಿಮೆಂಟು.

ಹುಳಿ ಬೇಕಾದ ಕಡೆ ಬಳಸಿ. ಕುಕ್ಕರಿನ ತಳದ ನೀರಿಗೆ ಹಿಂಡಿದ ಎರಡು ಹೋಳು ಹಾಕಿದರೆ ಅಲ್ಯೂಮಿನಿಯಂ ಒಳಗೆ ಕಪ್ಪಾಗುವುದಿಲ್ಲ. ಹಿತ್ತಾಳೆ ದೀಪ, ತಾಮ್ರದ ಚೊಂಬಿಗೆ ಹೋಳಿನ ಮೇಲೆ ಪುಡಿ ಉಪ್ಪು ಉದುರಿಸಿ ಉಜ್ಜಿ, ಎರಡು ನಿಮಿಷದಲ್ಲಿ ತೊಳೆದು ಒಣ ಬಟ್ಟೆಯಿಂದ ಒರೆಸಿಬಿಡಿ. ಹಚ್ಚಿ ಹಾಗೇ ಬಿಟ್ಟರೆ ಹಿತ್ತಾಳೆಯೊಳಗಿನ ಸತು ಕರಗಿ ಮೇಲೆ ಕೆಂಪು ತಾಮ್ರದ ಮಚ್ಚೆ ಮೂಡುತ್ತದೆ, ಒದ್ದೆ ಬಿಟ್ಟರೆ ಹಸಿರು ಕಿಲುಬು.

ಪ್ರಶ್ನೆ: ಕನ್ನಡಿಗೆ ಅಂಟಿಸಿದ ಬಿಂದಿಯ ಗೋಂದು, ಸ್ಟೀಲ್ ಪಾತ್ರೆಯ ಬೆಲೆ ಚೀಟಿ ಹೋಗುವುದೇ ಇಲ್ಲ. ಸಿಪ್ಪೆಯಿಂದ ಹೋಗುತ್ತದಂತೆ, ನಿಜವೇ? (ಓದುಗರು, ಹಾಸನ)

ಉತ್ತರ: ನಿಜ, ಆದರೆ ಒಳಭಾಗ ಉಜ್ಜಿದರೆ ಹೋಗುವುದಿಲ್ಲ. ಹೊಸ ಕಿತ್ತಳೆ ಸಿಪ್ಪೆಯನ್ನು ಬಣ್ಣದ ಭಾಗ ಹೊರಗೆ ಬರುವಂತೆ ಮಡಿಸಿ, ಗೋಂದಿನ ಹತ್ತಿರ ಹಿಡಿದು ಹಿಸುಕಿ. ಸಣ್ಣ ತುಂತುರು ಚಿಮ್ಮುವುದು ಕಾಣುತ್ತದೆ, ಅದೇ ಎಣ್ಣೆ. ಆಮೇಲೆ ಅದೇ ಭಾಗದಿಂದ ಉಜ್ಜಿ 5 ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿದರೆ ಗೋಂದು ಸುರುಳಿ ಸುತ್ತಿಕೊಂಡು ಬರುತ್ತದೆ. ಒಣಗಿದ ಸಿಪ್ಪೆಯಿಂದ ಆಗದು. ಲಿಮೊನೀನ್ ರಬ್ಬರನ್ನೂ ಥರ್ಮೋಕೋಲನ್ನೂ ಕರಗಿಸುತ್ತದೆ, ಹಾಗಾಗಿ ಸಿಪ್ಪೆಯನ್ನು ಥರ್ಮೋಕೋಲ್ ತಟ್ಟೆಯಲ್ಲಿ ಇಡಬೇಡಿ. ಊದಿದ ಬಲೂನಿಗೆ ಈ ತುಂತುರು ತಾಕಿಸಿದರೆ ಢಬ್ಬೆಂದು ಒಡೆಯುತ್ತದೆ, ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಒಳ್ಳೆಯ ಆಟ. ಎಣ್ಣೆ ಉರಿಯುವಂಥದ್ದು, ದೀಪದ ಹತ್ತಿರ ಮಾತ್ರ ಬೇಡ. ಕಣ್ಣಿಗೂ ಹಾರದಂತೆ ನೋಡಿಕೊಳ್ಳಿ.

ಪ್ರಶ್ನೆ: ನಿಂಬೆ, ಕಿತ್ತಳೆ ಸಿಪ್ಪೆಯ ಪುಡಿ ಹಚ್ಚಿಕೊಂಡ ಮೇಲೆ ಮುಖ ಉರಿದು ಕಪ್ಪು ಕಲೆಯಾಗಿದೆ. (ಓದುಗರು, ದಾವಣಗೆರೆ)

ಉತ್ತರ: ಹಚ್ಚುವುದನ್ನು ಇಂದೇ ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸಿ. ನಿಂಬೆ ಸಿಪ್ಪೆಯಲ್ಲಿ ಫ್ಯೂರೊಕೂಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಸುಟ್ಟಂತಾಗಿ, ಒಂದೆರಡು ದಿನದಲ್ಲಿ ಕೆಂಪು ಅಥವಾ ಗುಳ್ಳೆ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. ನಿಂಬೆ ಸಿಪ್ಪೆಯನ್ನು ಮುಖಕ್ಕೆ ತರಲೇಬಾರದು. ಕಿತ್ತಳೆಯಲ್ಲಿ ಈ ಅಪಾಯ ಕಡಿಮೆ, ಆದರೆ ಹಳೆಯ ಪುಡಿಯಲ್ಲಿ ಲಿಮೊನೀನ್ ಗಾಳಿಗೆ ಕೆಟ್ಟು ಅಲರ್ಜಿ ಉಂಟುಮಾಡುತ್ತದೆ. ಬೇಕೇಬೇಕೆನ್ನುವವರು ತಿಂಗಳೊಳಗೆ ಮಾಡಿದ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಒಂದು ಪಾಲಿಗೆ ಎರಡು ಪಾಲು ಕಡಲೆಹಿಟ್ಟು, ಮೊಸರು ಸೇರಿಸಿ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾದು ನೋಡಿ. ಮುಖಕ್ಕಾದರೆ ರಾತ್ರಿ, 5 ನಿಮಿಷ ಮಾತ್ರ.

ಪ್ರಶ್ನೆ: ಚಕ್ಕೋತದ ಸಿಪ್ಪೆ ಹಣ್ಣಿನಷ್ಟೇ ದಪ್ಪ ಇರುತ್ತದೆ. ಅದರಿಂದ ಏನು ಮಾಡಬಹುದು? (ಓದುಗರು, ದೇವನಹಳ್ಳಿ)

ಉತ್ತರ: ಸಕ್ಕರೆ ಪಾಕದ ಸಿಪ್ಪೆ ಮಾಡಿ. ಇಲ್ಲಿ ಬೇಕಾದದ್ದು ಬಿಳಿ ಪದರವೇ, ಹಸಿರು ಹೊರಪದರವನ್ನು ತೆಳುವಾಗಿ ಹೆರೆದು ತೆಗೆಯಿರಿ. ಬೆರಳಗಲದ ಉದ್ದ ತುಂಡು ಮಾಡಿ 250 ಗ್ರಾಂ ತೂಗಿ, ಎರಡು ಚಮಚ ಉಪ್ಪು ಬೆರೆಸಿದ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಹಿಂಡಿ, ಹೊಸ ನೀರಿನಲ್ಲಿ 10 ನಿಮಿಷ ಕುದಿಸಿ, ಚೆಲ್ಲಿ, ತಣಿದ ಮೇಲೆ ಮತ್ತೆ ಹಿಂಡಿ. ಹೀಗೆ ಮೂರು ಸಲ. ಕಹಿ ನೀರು ಒಳಗೇ ಕೂತಿರುತ್ತದೆ, ಹಿಂಡದೆ ಬರೀ ಬಸಿದರೆ ಪ್ರಯೋಜನವಿಲ್ಲ. ಉಗುರು ಸಲೀಸಾಗಿ ಇಳಿಯುವಷ್ಟು ಮೆತ್ತಗಾಗದೆ ಸಕ್ಕರೆಗೆ ಹಾಕಬೇಡಿ, ಪಾಕ ತಾಗಿದ ಮೇಲೆ ಅದು ಇನ್ನು ಬೇಯುವುದಿಲ್ಲ.

250 ಗ್ರಾಂ ಸಕ್ಕರೆ, 300 ಮಿಲಿಲೀಟರ್ ನೀರು ಕರಗಿಸಿ ತುಂಡು ಹಾಕಿ, ಸಣ್ಣ ಉರಿಯಲ್ಲಿ 40ರಿಂದ 50 ನಿಮಿಷ. ಉರಿ ಹೆಚ್ಚಾದರೆ ಪಾಕ ಬೇಗ ಗಟ್ಟಿಯಾಗಿ ತುಂಡಿನೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ತುಂಡು ಸುರುಟಿ ಚಕ್ಕಳವಾಗುತ್ತದೆ. ಬಿಳಿ ಹೋಗಿ ಬೆಳಕು ಹಾಯುವಂತಾದಾಗ ಒಂದು ಚಮಚ ನಿಂಬೆರಸ ಹಾಕಿ, ಸಕ್ಕರೆ ಹರಳುಗಟ್ಟುವುದಿಲ್ಲ. ಪಾಕ ಪೂರ್ತಿ ಹೀರಿದ ಮೇಲೆ ಜಾಲರಿಯ ಮೇಲೆ ಒಂದು ದಿನ ಆರಿಸಿ ಸಕ್ಕರೆಯಲ್ಲಿ ಹೊರಳಿಸಿ. ಮಾದಲಹಣ್ಣಿನ ಸಿಪ್ಪೆಗೂ ಇದೇ ವಿಧಾನ.

ಪ್ರಶ್ನೆ: ಕಿತ್ತಳೆ ಸಿಪ್ಪೆ ಹಾಕಿದರೆ ಮಣ್ಣು ಹುಳಿಯಾಗಿ ಹಾಳಾಗುತ್ತದೆ ಎನ್ನುತ್ತಾರಲ್ಲ? (ಓದುಗರು, ಮಂಗಳೂರು)

ಉತ್ತರ: ಕೊಳೆತು ಗೊಬ್ಬರವಾದ ಮೇಲೆ ಆ ಹುಳಿ ಉಳಿಯುವುದಿಲ್ಲ. 1990ರ ದಶಕದ ಕೊನೆಯಲ್ಲಿ ಕೋಸ್ಟರಿಕಾದ ಗ್ವಾನಕಾಸ್ಟೆಯಲ್ಲಿ, ಪರಿಸರ ವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್ ಮತ್ತು ವಿನಿಫ್ರೆಡ್ ಹಾಲ್‌ವಾಕ್ಸ್ ಅವರ ಸಲಹೆಯಂತೆ ಸುಮಾರು 12,000 ಟನ್ ಕಿತ್ತಳೆ ಸಿಪ್ಪೆ, ಹಿಂಡಿದ ತಿರುಳನ್ನು 3 ಹೆಕ್ಟೇರ್ ಬರಡು ಹುಲ್ಲುಗಾವಲಿಗೆ ಸುರಿಸಲಾಯಿತು. ಹದಿನಾರು ವರ್ಷದ ಬಳಿಕ ಅಳೆದಾಗ ಪಕ್ಕದ, ಸಿಪ್ಪೆ ಹಾಕದ ಜಾಗಕ್ಕಿಂತ ಮರಗಿಡಗಳ ಜೀವರಾಶಿ ಶೇ. 176ರಷ್ಟು ಹೆಚ್ಚಿತ್ತು. ಬಾಲ್ಕನಿಯ ಕುಂಡಕ್ಕೆ ಅಷ್ಟು ಕಾಯುವ ಪುರುಸೊತ್ತಿಲ್ಲ. ಹಸಿ ಸಿಪ್ಪೆಯನ್ನು ನೇರ ಬೇರಿಗೆ ಹಾಕಬೇಡಿ, ಉಗುರಗಲ ಕತ್ತರಿಸಿ ಗೊಬ್ಬರದ ಡಬ್ಬಿಗೆ ಹಾಕಿ, ಹಸಿಕಸದ ಐದರಲ್ಲೊಂದು ಪಾಲು ಮೀರದಿರಲಿ, ಒಣ ಎಲೆ ಧಾರಾಳವಾಗಿರಲಿ. ಎರೆಗೊಬ್ಬರದ ತೊಟ್ಟಿಗೆ ಬೇಡ, ಎರೆಹುಳುಗಳಿಗೆ ಲಿಮೊನೀನ್ ಆಗದು.

ಪ್ರಶ್ನೆ: ದೇವಿಗೆ ನಿಂಬೆ ದೀಪ ಮಾಡುವಾಗ ಹೋಳು ಹರಿಯುತ್ತದೆ. ಹಚ್ಚಿ ಆರಿದ ದೀಪಗಳನ್ನು ಏನು ಮಾಡಬೇಕು? (ಓದುಗರು, ನಂಜನಗೂಡು)

ಉತ್ತರ: ತೆಳು ಸಿಪ್ಪೆಯ, ಪೂರ್ತಿ ಹಳದಿಯಾದ ಹಣ್ಣು ಆರಿಸಿ. ಕತ್ತರಿಸುವ ಮೊದಲು ಅಂಗೈ ಕೆಳಗೆ ಹೊರಳಿಸಿ ಮೆತ್ತಗೆ ಮಾಡಿ. ರಸ ಹಿಂಡಿ, ನಾರನ್ನು ಚಮಚದಿಂದ ತೆಗೆದು, ಹೆಬ್ಬೆರಳಿನಿಂದ ನಡುಭಾಗವನ್ನು ಮೇಲಕ್ಕೊತ್ತಿ ತಿರುಗಿಸಿ. ಅಂಚು ಹಿಡಿದೆಳೆದರೆ ಹರಿಯುತ್ತದೆ. ಆರಿದ ದೀಪಗಳು ಎಣ್ಣೆ ಹೀರಿರುವುದರಿಂದ ಅಡುಗೆಗೂ ಗೊಬ್ಬರಕ್ಕೂ ಸಲ್ಲವು. ಯಾರೂ ತುಳಿಯದ ಕಡೆ ಮರದ ಬುಡದಿಂದ ಒಂದಿಷ್ಟು ದೂರದಲ್ಲಿ ಹೂತುಬಿಡಿ.

ಪ್ರಶ್ನೆ: ನಮ್ಮಲ್ಲಿ ಮೋಡ, ಮಂಜು. ಸಿಪ್ಪೆ ಒಣಗಿಸಿ ಇಡುವುದು ಹೇಗೆ? (ಓದುಗರು, ಮಡಿಕೇರಿ)

ಉತ್ತರ: ಅರ್ಧ ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಬಿಳಿ ಭಾಗ ಮೇಲಾಗಿ, ಒಂದರ ಮೇಲೊಂದು ಬೀಳದಂತೆ ಮೊರದಲ್ಲಿ ಹರವಿ ಒಲೆಯ ಮೇಲಿನ ಅಟ್ಟದಲ್ಲಿಡಿ. ಪುಡಿಗೆ, ಅಡುಗೆಗೆ ಬೇಕಾದ್ದನ್ನು ಹೊಗೆಯಿಂದ ದೂರವಿಡಿ. ಓವನ್ ಇದ್ದರೆ 60 ಡಿಗ್ರಿಯಲ್ಲಿ ಬಾಗಿಲು ಸ್ವಲ್ಪ ತೆರೆದಿಟ್ಟು ಮೂರು ನಾಲ್ಕು ಗಂಟೆ. ಬಗ್ಗಿಸಿದಾಗ ಪಟ್ಟೆಂದು ಮುರಿಯಬೇಕು, ಬಾಗಿದರೆ ಇನ್ನೂ ತೇವವಿದೆ, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. 100 ಗ್ರಾಂ ಹಸಿ ಸಿಪ್ಪೆ ಒಣಗಿ 25 ಗ್ರಾಂ ಆಸುಪಾಸು ಉಳಿಯುತ್ತದೆ. ಅಟ್ಟದಲ್ಲಿ ಹೊಗೆ ಹಿಡಿದವನ್ನು ಬಚ್ಚಲ ಒಲೆಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಸೌದೆ ಹಸಿಯಾದಾಗ ಸೀಮೆಎಣ್ಣೆ ಹುಡುಕಬೇಕಿಲ್ಲ. ಒಂದು ಹಿಡಿ ಸಿಪ್ಪೆಯ ಮೇಲೆ ಸಣ್ಣ ಚಕ್ಕೆಗಳನ್ನಿಟ್ಟು ಕಡ್ಡಿ ಗೀರಿದರೆ, ಒಳಗೆ ಉಳಿದ ಎಣ್ಣೆಗೇ ಬೆಂಕಿ ಹತ್ತಿಕೊಳ್ಳುತ್ತದೆ.